ಅಕ್ಕನ ಫೈಲು, ಡಾಕ್ಟರ ಬಿಪಿ

‘ಕಾಯುವುದೂ ಒಂದು ಬಗೆಯ ಪ್ರೀತಿ’ ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ, ಪೂರ್ತಿ ನೆನಪಿಲ್ಲ. ಬರೆದವರ ಎದೆಯಲ್ಲಿ ಗಂಟು ಇರಲಿಲ್ಲ ಅನ್ನಿಸುತ್ತದೆ, ಸ್ನೇಹಿತರೇ. ನನ್ನ ಅಕ್ಕನ ಎದೆಯಲ್ಲಿತ್ತು. ‘ಕೊಬ್ಬಿನ ಗಂಟು, ಸುಮ್ನೆ ತಲೆ ಕೆಡಿಸ್ಕೋಬೇಡಿ’ ಎಂದು ಕೊಪ್ಪದ ನಮ್ಮ ಡಾಕ್ಟರು ಒಂದು ವರ್ಷ ಕಾಯಿಸಿದರು. ಒಂದು ಪರೀಕ್ಷೆಗೂ ಬರೆದುಕೊಡಲಿಲ್ಲ. ಈಗ ಮಂಗಳೂರಿನಲ್ಲಿ ಕ್ಯಾನ್ಸರ್ ಎಂದಿದ್ದಾರೆ. ಕಂಕುಳಿಗೂ ಹರಡಿದೆಯಂತೆ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ, ಮೊದಲು ಹಳೆಯ ಫೈಲಿನ ಪ್ರತಿ ತನ್ನಿ ಎಂದರು ವಕೀಲರು. ಇವತ್ತು ಬೆಳಿಗ್ಗೆ ಅಕ್ಕನೂ ನಾನೂ ಅರ್ಜಿ ಹಿಡಿದು ಕೊಪ್ಪದ ಡಾಕ್ಟರ ನರ್ಸಿಂಗ್ ಹೋಮಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ಅದನ್ನು ಓದಿ ಕನ್ನಡಕ ತೆಗೆದರು.

‘ಫೈಲು ಎಂತಕ್ಕೆ? ಕೋರ್ಟಿಗಾ? ಡಾಕ್ಟ್ರು ನಿಮ್ ಮಗಳ ಮದುವೇಲಿ ಊಟ ಮಾಡಿದಾರಲ್ಲ ಮಾರಾಯ್ರೆ!’

‘ಹೌದು, ಹೋಳಿಗೆ ಎರಡೆರಡು ಸಲ ಹಾಕ್ಸಿದ್ದೆ. ಅವ್ರು ಗಂಟನ್ನ ಒಂದ್ಸಲ ಆದ್ರೂ ಸರಿಯಾಗಿ ನೋಡ್ಬಹುದಿತ್ತು’ ಎಂದಳು ಅಕ್ಕ.

ಕೇಳಿದ ಎಪ್ಪತ್ತೆರಡು ಗಂಟೆಯೊಳಗೆ ಫೈಲಿನ ಪ್ರತಿ ಕೊಡಬೇಕೆಂಬ ನಿಯಮವನ್ನು ನಾನು ಎರಡು ಸಲ ಹೇಳಿದ ಮೇಲೆ ಅರ್ಜಿಗೆ ಸೀಲು ಬಿತ್ತು.

ನಾವು ನಮ್ಮೂರು ಹಿರೇಕೊಡಿಗೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಪಕ್ಕದ ಮನೆಯ ಶಾರದಕ್ಕ ನಮ್ಮ ಬಾಗಿಲಲ್ಲೇ ನಿಂತಿದ್ದರು. ಅಕ್ಕನ ಕೀಮೋ ಯಾವಾಗ ಎಂದು ಅವರು ಕೇಳಲಿಲ್ಲ.

‘ನಿಮ್ ಅರ್ಜಿ ನೋಡಿ ಪಾಪ ಡಾಕ್ಟ್ರಿಗೆ ಬಿಪಿ ಏರಿದ್ಯಂತೆ. ಸಂಜೆ ಇಬ್ರೂ ಹೋಗಿ ಮಾತಾಡ್ಸ್ಕಂಡು ಬನ್ನಿ. ಬರಿಗೈಲಿ ಹೋಗ್ಬೇಡಿ ಮತ್ತೆ, ನಾಕು ಮೂಸಂಬಿ ತಗಂಡ್ ಹೋಗಿ.’