ಮೂರನೇ ಕೂಗಿನ ವಯೋಮಿತಿ

ಮೂವತ್ತು ವರ್ಷ ಕಚೇರಿಯಲ್ಲಿ ಪರರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದ ಮೇಲೆ ನನ್ನ ಪಾಂಡಿತ್ಯಕ್ಕೆ ಗಿರಾಕಿ ಸಿಕ್ಕಿದ್ದು ದಾಂಡೇಲಿಯ ಒಂದು ಗ್ಯಾರೇಜಿನ ಅಟ್ಟದ ಮೇಲೆ. ಕೆಳಗೆ ಅಪ್ಪ ಲಾರಿ ಬಿಚ್ಚುತ್ತಿದ್ದರೆ, ಮೇಲೆ ಮಗಳು ಮಕ್ಕಳಿಗಾಗಿ ಮೊಬೈಲ್ ಆಟ ಕಟ್ಟುತ್ತಿದ್ದಳು. ದೂರದ ಒಂದು ದೇಶದ ಮಕ್ಕಳ ಗ್ರಂಥಾಲಯದವರು ಅದನ್ನು ಮೆಚ್ಚಿದ್ದರು. ಷರತ್ತು ಒಂದೇ: ಅಲ್ಲಿನ ವಯೋಮಿತಿ ಮಂಡಳಿ 'ಏಳು ವರ್ಷದವರೂ ಆಡಬಹುದು' ಎನ್ನಬೇಕು. ಇಲ್ಲವಾದರೆ ಅವಳ ಎರಡು ವರ್ಷದ ದುಡಿಮೆ ಹೊಳೆಗೆ.

ಆಟ ಸರಳ. ಕಳೆದುಹೋದ ಕರುವನ್ನು ಹುಡುಕುತ್ತ ಮಗು ಕಾಡಿಗೆ ಹೋಗುತ್ತದೆ. ಬೆನ್ನ ಹಿಂದಿನಿಂದ ತಾಯಿಯ ದನಿಯಲ್ಲಿ ಕೂಗು ಬರುತ್ತದೆ. ಮೊದಲೆರಡಕ್ಕೆ ಓಗೊಟ್ಟರೆ ಆಟ ಮುಗಿಯಿತು. ಮೂರನೆಯದಕ್ಕೆ ಓಗೊಟ್ಟರೆ ಮನೆ ಸೇರಿದಂತೆ. ಮನುಷ್ಯರಲ್ಲದ್ದು ಮೂರು ಸಲ ಕೂಗುವುದಿಲ್ಲ, ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಹಾಗಾಗಿ ಮಂಡಳಿಯ ಅರ್ಜಿಯಲ್ಲಿ 'ಭಯ ಹುಟ್ಟಿಸುವ ಅಂಶವಿದೆಯೇ?' ಎಂಬಲ್ಲಿ ನಾನು ಗಂಭೀರವಾಗಿ 'ಇಲ್ಲ' ಎಂದು ಗುರುತು ಹಾಕಿದೆ. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎನ್ನುವುದೂ ಭಯವೇ?

ಅದೇ ಅರ್ಜಿ ಬೇರೆ ದೇಶಗಳಿಗೂ ಹೋಯಿತು. ಒಂದು ದೇಶ ಮೂರು ವರ್ಷದವರೂ ಆಡಬಹುದು ಎಂದಿತು, ಇನ್ನೊಂದು ಹನ್ನೆರಡಾಗಬೇಕು ಎಂದಿತು. ಮೂರು ಎಂದ ಕಡೆ ಆಟ ಬಿಡುಗಡೆಯೂ ಆಯಿತು. ಗ್ರಂಥಾಲಯದ ದೇಶದಲ್ಲಿ ಮಾತ್ರ ಮನುಷ್ಯರೇ ಕೂತು ಆಡಿ ನೋಡುತ್ತಾರಂತೆ. ಅಲ್ಲಿಂದ ಪತ್ರ ಬಂತು: ಮೊದಲೆರಡು ಕೂಗು ಒಬ್ಬ ಹೆಂಗಸು ದೂರದಿಂದ ಕೂಗಿದವು. ಮೂರನೆಯದು ಕಿವಿಯ ಪಕ್ಕದ್ದು. ಅದು ಯಾರದು? ಅವರ ಒಪ್ಪಿಗೆಪತ್ರ ಲಗತ್ತಿಸಿ.

ಹುಡುಗಿ ನಕ್ಕಳು. ಮೂರೂ ಅವಳ ತಾಯಿಯವೇ. ಅವಳಿಗೆ ಜ್ವರ ಬಂದಿದ್ದ ದಿನ ನಾನೇ ತಾಯಿಯನ್ನು ಕ್ಯಾಸಲ್‌ರಾಕ್ ಕಡೆಯ ಕಾಡಿಗೆ ಕರೆದೊಯ್ದು, ರೆಕಾರ್ಡರನ್ನು ಕಲ್ಲಿನ ಮೇಲಿಟ್ಟು ದೂರದಿಂದ ಕೂಗಿಸಿ ತಂದಿದ್ದೆ. ಆಟವನ್ನು ಮಾತ್ರ ನಾನೂ ಆಡಿರಲಿಲ್ಲ, ಅವರೂ ಆಡಿರಲಿಲ್ಲ. ನಾನು ಅರ್ಜಿ ತುಂಬುವವನು.

ತಾಯಿಯನ್ನು ಮೇಲೆ ಕರೆದು ಕೇಳಿಸಿದಳು. ಅವರು ಸೆರಗು ಬಿಗಿ ಹಿಡಿದು ಪೂರ್ತಿ ಕೇಳಿದರು.

"ಮೂರನೇದು ನಾ ಕರದಿಲ್ಲ."

"ಅಮ್ಮಾ, ನಿನ್ನ ದನೀನ ಐತಿ."

"ದನಿ ನಂದ ಐತಿ. ಕರದಾಕಿ ನಾ ಅಲ್ಲ. ಎರಡ ಸಲ ಕರದೆ, ಕೆಮ್ಮು ಬಂತು. ಸಾಹೇಬ್ರು ನೀರ ತರಾಕ ಜೀಪಿಗೆ ಹೋದ್ರು. ಕೇಳ ಅವರನ್ನ."

ಹೌದು, ಹೋಗಿದ್ದೆ. ಬಂದಾಗ ಅವರು ಇನ್ನೂ ಕೆಮ್ಮುತ್ತಿದ್ದರು. ನೀರು ಕುಡಿದು, ಸಾಕು ಹೋಗೂಣು ಎಂದಿದ್ದರು. ರೆಕಾರ್ಡರು ಕಲ್ಲಿನ ಮೇಲೆ ತನ್ನ ಪಾಡಿಗೆ ಓಡುತ್ತಿತ್ತು.

ಈ ಸಲ ಕತ್ತರಿಸದ ಮೂಲ ರೆಕಾರ್ಡಿಂಗನ್ನೇ ಕೇಳಿದೆವು. ಎರಡು ಕೂಗು, ಕೆಮ್ಮು, ಬಳಿಕ ಕೆಮ್ಮಿನ ನಡುವೆಯೇ ಮೈಕಿಗೆ ಬಾಯಿ ಹಚ್ಚಿದಷ್ಟು ಹತ್ತಿರ, ಬಲು ಅಕ್ಕರೆಯಿಂದ, "ಬಾ ಮಗಾ." ಆಟಕ್ಕೆಂದು ಕತ್ತರಿಸುವಾಗ ಹುಡುಗಿ ಕೆಮ್ಮನ್ನು ಅಳಿಸಿ ಅದನ್ನು ಉಳಿಸಿಕೊಂಡಿದ್ದಳು. ಮೂರರಲ್ಲಿ ಅದೇ ಚೆನ್ನಾಗಿತ್ತು ಎಂದಳು. ಅಂದರೆ ತಾಯಿ ಕೂಗಿದಾಗಲೆಲ್ಲ ಸುಮ್ಮನಿರಿ, ಇದು ಕೂಗಿದರೆ ಹೋಗಿ ಎಂದು ನಾವು ಮಕ್ಕಳಿಗೆ ಕಲಿಸುತ್ತಿದ್ದೆವು.

ಆ ಮಧ್ಯಾಹ್ನವೇ, ಕೆಳಗೆ ಸುತ್ತಿಗೆ ನಿಲ್ಲಿಸಿ, ಅಟ್ಟದಲ್ಲೇ ತಾಯಿಯಿಂದ ಮೂರನೆಯ ಕೂಗು ಕೂಗಿಸಿದೆವು. ಹುಡುಗಿ ಅದನ್ನೇ ಆಟಕ್ಕೆ ಹಾಕಿದಳು. ತಿದ್ದುಪಡಿ ಅರ್ಜಿ ನನ್ನ ಪಾಲಿಗೆ ಬಂತು. ತೆಗೆದದ್ದೇನು? ಒಂದು ಧ್ವನಿ. ಕಾರಣ? ಹಿಂಸೆ, ಜೂಜು, ಅಶ್ಲೀಲ, ಇತರೆ. 'ಇತರೆ'ಗೆ ಗುರುತು ಹಾಕಿ ವಿವರದಲ್ಲಿ ಬರೆದೆ: ಸಂಬಂಧಪಟ್ಟವರ ಒಪ್ಪಿಗೆ ಪಡೆಯಲಾಗಲಿಲ್ಲ. ನನ್ನ ಸೇವಾವಧಿಯಲ್ಲಿ ಇಷ್ಟು ನಿಖರವಾದ ವಾಕ್ಯ ಬರೆದದ್ದು ನೆನಪಿಲ್ಲ.

ಏಳು ವರ್ಷ ಎಂದು ಆದೇಶ ಬಂತು. ಗ್ರಂಥಾಲಯದವರು ಆಟ ತೆಗೆದುಕೊಂಡರು. ಗ್ಯಾರೇಜಿನಲ್ಲಿ ಎಲ್ಲರಿಗೂ ಶೀರಾ ಹಂಚಿದರು. ಮೂರು ವರ್ಷ ಎಂದ ದೇಶಕ್ಕೂ ಹೊಸ ಆವೃತ್ತಿ ಕಳಿಸಿದ್ದಾಳೆ. ಆದರೆ ಅಪ್‌ಡೇಟ್ ಮಾಡಿಕೊಳ್ಳದ ಫೋನುಗಳು ಇನ್ನೂ ಇವೆಯಂತೆ, ಅವಳ ಪರದೆಯಲ್ಲಿ ಕಾಣುತ್ತವೆ. ಆ ಮಕ್ಕಳು ದಿನವೂ ಹಳೆಯ ಕೂಗಿಗೇ ಓಗೊಟ್ಟು ಮನೆ ಸೇರುತ್ತಿದ್ದಾರೆ. ದೂರು ಒಂದೂ ಬಂದಿಲ್ಲ.