ಮೇಷ್ಟ್ರ ನಡಿಗೆ, ಜಿಪುಣ ಮಾವನ ಕಾಲಲ್ಲಿ

ಮೊನ್ನೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಎದುರಿಗೆ ಕೂತವರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮೂರು ಜಡೆಯಲ್ಲಿ ಪಕ್ಕದ ಮನೆಯಲ್ಲಿದ್ದ ನಾಟಕದ ಮೇಷ್ಟ್ರು ನೆನಪಾದರು. ಗೋಡೆಯ ಮೇಲಿನ ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು. ಅದರ ಜಿಪುಣ ಮಾವ ಎಡಗಾಲು ಎಳೆಯುತ್ತ, ಸೊಟ್ಟ ಬಾಯಿಯ ಜೊಲ್ಲನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಬಂದ. ಹೋಟೆಲಿಗೆ ಹೋಟೆಲೇ ನಕ್ಕಿತು. ನಾನು ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ.

ಆ ನಡಿಗೆ ನಮ್ಮ ಮೇಷ್ಟ್ರದು.

ಸೊರಬದ ಸುತ್ತಿನ ಊರುಗಳ ನಾಟಕಗಳಿಗೆಲ್ಲ ಅವರದೇ ತಾಲೀಮು. ನಶ್ಯ ಏರಿಸಿ, ಹಾರ್ಮೋನಿಯಂ ಮುಂದೆ ಕೂತು, "ಮಾತು ಆಮೇಲೆ. ಮೊದ್ಲು ರಾಜ ಹೆಂಗೆ ನಡೀತಾನೆ ತೋರ್ಸು" ಎಂದು ಗದರುತ್ತಿದ್ದರು. ಜಿಪುಣ ಮಾವನ ಪಾತ್ರ ಮಾಡುವ ಈ ಹಿರಿಯ ನಟ ಪಳಗಿದ್ದು ಅವರ ಕೈಯಲ್ಲೇ. ಉಳವಿ ಕಡೆಯವನು. ನನಗಿಂತ ದೊಡ್ಡವನೇ, ಆದರೆ ಬಹುವಚನ ಕೊಡಲು ಮನಸ್ಸು ಬಾರದು. ಮೇಷ್ಟ್ರ ಮನೆಯಲ್ಲೇ ಉಂಡು, ಅಲ್ಲೇ ಮಲಗಿ ಕಲಿತ. ಹೆಸರು ಬಂದ ಮೇಲೆ ಈ ಕಡೆ ತಲೆ ಹಾಕಲಿಲ್ಲ...

ಮೇಷ್ಟ್ರಿಗೆ ಲಕ್ವ ಹೊಡೆದ ಮೇಲೆ ಒಂದು ದಿನ ಕಾರಿನಲ್ಲಿ ಬಂದ. ಸೇಬು, ಶಾಲು ತಂದಿದ್ದ. ಮೇಷ್ಟ್ರ ಖುಷಿ ಏನು ಹೇಳಲಿ! "ನನ್ ಶಿಷ್ಯ ಕಣೇ" ಎಂದು ನನಗೆ ತೊದಲುತ್ತ ಹೇಳಿದರು.

"ಅಂಗಳದ ತನ್ಕ ನಡೀರಿ ಮೇಷ್ಟ್ರೇ, ನೋಡಣ. ನಡೆದ್ರೆ ಗುಣ ಆಗುತ್ತೆ" ಎಂದ ಅವನು.

ಶಿಷ್ಯ ಹೇಳಿದನೆಂದು ತುಳಸಿಕಟ್ಟೆಯ ತನಕ ಕಾಲೆಳೆದುಕೊಂಡು ಹೋಗಿ ಬಂದರು. "ಇನ್ನೊಂದ್ಸಲ" ಎಂದ. ಮತ್ತೆ ಹೋದರು. ಅವರು ಏದುಸಿರು ಬಿಡುತ್ತಿದ್ದರೂ ಅವನು ಕೈ ಹಿಡಿಯಲಿಲ್ಲ, ದೂರ ನಿಂತು ಪಾದವನ್ನೇ ನೋಡುತ್ತಿದ್ದ. ಎಂಥ ಗುರುಭಕ್ತಿ ಎಂದು ನಾವು ಹಾಡಿ ಹೊಗಳಿದೆವು.

ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಅವನು ಬರಲಿಲ್ಲ. ಸ್ವಲ್ಪ ದಿನಕ್ಕೆ ಟಿವಿಯಲ್ಲಿ ಜಿಪುಣ ಮಾವ ಬಂದ. ಅದೇ ಕಾಲು, ಅದೇ ತೊದಲು, ಅದೇ ನಶ್ಯ. ಸಂದರ್ಶನದಲ್ಲಿ "ಎಲ್ಲಾ ನನ್ನ ಸ್ವಂತ ಕಲ್ಪನೆ ರೀ" ಎಂದದ್ದನ್ನು ಕಿವಿಯಾರೆ ಕೇಳಿದೆ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಗುರುವಿನ ಜೊಲ್ಲು ಮಾರಿಕೊಂಡು ತಿನ್ನುವವನನ್ನು ಕಂಡಿರಲಿಲ್ಲ.

ಹೋಟೆಲಿನಲ್ಲಿ ಅದನ್ನು ನೋಡಿದ ಮರುದಿನ ಸಂಜೆ ಮೇಷ್ಟ್ರ ಹೆಂಡತಿಯ ಬಳಿ ಹೋದೆ. ಅವರನ್ನು ನಾನು ಅತ್ತೆ ಎನ್ನುವುದು. ಅವರ ಟಿವಿಯಲ್ಲೂ ಅದೇ ಹಾಳಾದವನು! ಮೈಯೆಲ್ಲ ಉರಿದು, ರಿಮೋಟ್ ಎತ್ತಿಕೊಂಡು ಆರಿಸಿದೆ.

"ನಿಮ್ಗೆ ಅಸಹ್ಯ ಆಗಲ್ವಾ ಅತ್ತೆ? ನಿಮ್ಮೋರ್ನೇ ಆಡ್ಕೊಂಡು ನಗ್ಸ್ತಿದಾನೆ."

"ಗೊತ್ತು ಮಾರಾಯ್ತಿ. ಅವ್ನಿಗೆ ಒಳ್ಳೇದಾಗಲ್ಲ." ಅತ್ತೆ ಕೈ ಚಾಚಿದರು. "ಈಗ ಹಾಕು. ಅವ್ರು ನಡ್ಯೋದು ನಂಗೆ ಇನ್ನೆಲ್ಲಿ ಕಾಣ್ಬೇಕು?"

ರಿಮೋಟ್ ಕೊಟ್ಟೆ. ಜಿಪುಣ ಮಾವ ಕಾಲೆಳೆಯುತ್ತ ಬಾಗಿಲಿಗೆ ಬಂದ. ಅತ್ತೆ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಕೂತರು. ಅವನು ಬಾಯಿ ತೆರೆಯುತ್ತಲೇ ಟಿವಿಯ ದನಿಯನ್ನು ಪೂರ್ತಿ ಇಳಿಸಿಬಿಟ್ಟರು.

ಮೇಷ್ಟ್ರು ಇಲ್ಲ. ಅವರನ್ನು ನೋಡಬೇಕೆಂದರೆ ಈಗ ಆ ಲಫಂಗನ ಮುಂದೆಯೇ ಕೂರಬೇಕು... ಥೂ.