ಎಡಚ ದರ್ಜಿಯ ನಗು

ಕನ್ನಡಿ ಮುಂದೆ ಕೂತು ಹಲ್ಲು ಕಿರಿಯುವುದನ್ನೇ ಕಸುಬು ಮಾಡಿಕೊಂಡ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಪುಟ್ಟಿ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಅವಳ ಅಪ್ಪ ಪತ್ರಿಕೆಗೆ ದಿನವೂ ಮೂರು ಚೌಕದ ಚಿತ್ರಕಥೆ ಬರೆಯುತ್ತಿದ್ದವರು. ಕಥಾನಾಯಕ ಒಬ್ಬ ಗುಂಡು ದರ್ಜಿ. ಅಳತೆ ತೆಗೆಯುವ ನೆಪದಲ್ಲಿ ಗಿರಾಕಿಗಳ ಸಂಸಾರದಲ್ಲೆಲ್ಲ ಮೂಗು ತೂರಿಸುವವನು. ದರ್ಜಿಗೆ ಸಿಟ್ಟು ಬರಬೇಕೆಂದರೆ ಅಪ್ಪ ಮೊದಲು ಮೇಜಿನ ಮೇಲಿನ ಕನ್ನಡಿಗೆ ಕಣ್ಣು ಕೆಕ್ಕರಿಸಬೇಕು, ಆಮೇಲೆ ಆ ಮುಖವನ್ನು ಬರೆಯಬೇಕು. ಊಟಕ್ಕೆ ಕರೆಯಲು ಬಂದ ಅಮ್ಮ, "ನಿಮ್ಮ ಕೋತಿಚೇಷ್ಟೆ ಮುಗೀತಾ, ಇಲ್ಲ ಇನ್ನೂ ಇದೆಯಾ?" ಎಂದು ಕೇಳುವುದೂ ದಿನದ ಪರಿಪಾಠವೇ ಆಗಿತ್ತು.

ಈ ಕನ್ನಡಿಯ ದೆಸೆಯಿಂದ ಒಂದು ಎಡವಟ್ಟೂ ಆಗಿತ್ತು. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಇಳಿಸಿದ್ದರಿಂದ, ದರ್ಜಿ ಮೊದಲ ದಿನವೇ ಎಡಗೈಯಲ್ಲಿ ಕತ್ತರಿ ಹಿಡಿದು ಅಚ್ಚಾಗಿಬಿಟ್ಟ. ಓದುಗರು ಕೇಳಿದರೆ ತಪ್ಪೊಪ್ಪಿಕೊಳ್ಳುವ ಜಾಯಮಾನ ಅಪ್ಪನದಲ್ಲ. "ಅವನು ಎಡಚ ಸ್ವಾಮಿ, ಅದಕ್ಕೆ ನಾನೇನು ಮಾಡ್ಲಿ?" ಎಂದು ಜಾರಿಕೊಂಡರು. ದರ್ಜಿ ಎಡಚನಾಗಿಯೇ ಉಳಿದ.

ಪತ್ರಿಕೆಯವರು ಜಾಗವಿಲ್ಲ ಎಂದ ಮೇಲೆ ಪುಟ್ಟಿ ದರ್ಜಿಯನ್ನು ವೆಬ್‌ಸೈಟಿಗೆ ಕರೆತಂದಳು. ಅವಳೂ ಚಿತ್ರಕಥೆಗಾರ್ತಿಯೇ, ಒಂದು ಪುಸ್ತಕವನ್ನೂ ತಂದವಳು. ಅಪ್ಪ ಕಾಗದದ ಮೇಲೆ ಬರೆಯುವುದು, ಅವಳು ಬಣ್ಣ ತುಂಬುವುದು. ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಡೆಯ ಮುಖ ಜೋತುಬಿತ್ತು, ಮಾತು ಒಂದೊಂದೇ ಪದಕ್ಕೆ ಇಳಿಯಿತು. ಆಸ್ಪತ್ರೆಯಿಂದ ಬಂದವರು ಮೊದಲು ಮಾಡಿದ ಕೆಲಸ, ಕನ್ನಡಿಯನ್ನು ಮಗುಚಿಟ್ಟದ್ದು.

"ದರ್ಜಿ ಅಂಗಡಿ ಯಾವಾಗ ತೆಗೀತಾನೆ?" ಎಂದು ಓದುಗರು ವೆಬ್‌ಸೈಟಿನಲ್ಲಿ ಒಂದೇ ಸಮನೆ ಕೇಳುತ್ತಿದ್ದರು. ಪುಟ್ಟಿ ತಾನೇ ಬರೆದು ತೋರಿಸಿದಳು. ಗೆರೆ ಅಪ್ಪನದೇ ಅನ್ನುವಷ್ಟು ಅವಳ ಕೈ ಪಳಗಿತ್ತು. ಆದರೆ ಅಪ್ಪ ಕೊನೆಯ ಚೌಕದ ನಗುವನ್ನು ನೋಡಿ, "ಸುಳ್ಳು" ಎಂದರು. ಅವಳಿಗೂ ಗೊತ್ತಿತ್ತು. ಹಲ್ಲುಗಳಿದ್ದವು, ನಗು ಇರಲಿಲ್ಲ. ಅಪ್ಪ ಒಪ್ಪದೆ ಹಾಕಲು ಅವಳಿಗೆ ಮನಸ್ಸಿಲ್ಲ. ಹಾಕದಿದ್ದರೆ ದರ್ಜಿಯ ಕಥೆ ಅಲ್ಲಿಗೆ ಮುಗಿಯಿತು.

ಕೊನೆಗೆ ಧೈರ್ಯ ಮಾಡಿ ಕನ್ನಡಿಯನ್ನು ಎತ್ತಿ ಅಪ್ಪನ ಮುಂದೆ ನಿಲ್ಲಿಸಿದಳು.

"ಅಪ್ಪಾ, ಒಂದೇ ಒಂದು ಸಲ ದರ್ಜಿ ಥರ ನಕ್ಕುಬಿಡು. ನಾನು ನೋಡ್ಕೊಂಡು ಬರೀತೀನಿ."

ಅಪ್ಪ ಬಹಳ ಹೊತ್ತು ಕನ್ನಡಿಯನ್ನೇ ನೋಡಿದರು. ಆಮೇಲೆ ಎಡಗಣ್ಣು ಕಿರಿದಾಯಿತು, ಎಡಗೆನ್ನೆ ಉಬ್ಬಿತು, ತುಟಿಯ ಎಡತುದಿ ಕಿವಿಯ ಕಡೆ ಹೊರಟಿತು. ದರ್ಜಿ ಅಲ್ಲೇ ಇದ್ದ, ಎಲ್ಲಿಗೂ ಹೋಗಿರಲಿಲ್ಲ! ಆದರೆ ಮೂಗಿನಿಂದಾಚೆಗೆ ಮುಖ ಕದಲಲಿಲ್ಲ. ಕಂಡ ಅರ್ಧವನ್ನು ಬರೆದು, ಮುಂದೇನೂ ತೋಚದೆ ಪುಟ್ಟಿ ಪೆನ್ನು ಹಿಡಿದು ಕೂತಳು.

ಅಪ್ಪ ಎಡಗೈ ಚಾಚಿ ಪೆನ್ನು ಕಿತ್ತುಕೊಂಡರು. ದರ್ಜಿಯ ಮೂಗಿನ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. ನಡುಗುವ ಕೈ, ಸೊಟ್ಟಂಬಟ್ಟ ಗೆರೆ. ಅಯ್ಯೋ, ಚಿತ್ರ ಕೆಟ್ಟಿತಲ್ಲ ಎಂದುಕೊಂಡಳು ಪುಟ್ಟಿ. ಅಪ್ಪ ಗೆರೆಯ ಆಚೆ ಒಂದು ಚಿಲಕ ಬರೆದರು.

ಬಾಗಿಲು! ದರ್ಜಿ ಅಂಗಡಿಯ ಬಾಗಿಲನ್ನು ಓರೆ ಮಾಡಿ, ಅರ್ಧ ಮುಖ ಹೊರಗಿಟ್ಟು, ಹೊರಗೆ ಯಾರ ಸಂಸಾರ ಎಲ್ಲಿಗೆ ಬಂತೆಂದು ಇಣುಕಿ ನಗುತ್ತಿದ್ದ. ಬುದ್ಧಿ ಬಂದಾಗಿನಿಂದ ಗೆರೆ ಎಳೆದವಳೇ ಪುಟ್ಟಿಯೂ, ಆದರೆ ಒಂದು ಸೊಟ್ಟ ಗೆರೆಗೆ ಇಷ್ಟು ಮಾಡಲು ಸಾಧ್ಯವೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಎಡಗೈಯನ್ನೇ ನೋಡಿದಳು.

"ಎಡಚ" ಎಂದರು ಅಪ್ಪ, ಕಣ್ಣು ಮಿಟುಕಿಸಿ.

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅಮ್ಮ ಚಿತ್ರದ ಮೇಲೆ ಬಗ್ಗಿದರು. ನಕ್ಕರು. ಆಮೇಲೆ ಗಂಡನ ಮುಖ ನೋಡಿ, "ಅಲ್ಲಾ ರೀ, ಇನ್ನರ್ಧ ಎಲ್ಲಿ?" ಎಂದರು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಿಂದ ಪೂರ್ತಿ ವಾಕ್ಯ ಬಂದಿರಲಿಲ್ಲ. ಈಗ ಒಂದೊಂದೇ ಪದವನ್ನು ಎತ್ತಿ ಇಟ್ಟರು.

"ಬಾಗಿಲ... ಹಿಂದೆ... ನಗ್ತಾ ಇದೆ... ಕಣೇ."